ನಾನೇ ಮಾಡಿದ ನಿಯಮ

ಗುರುವಾರ, ಹನ್ನೊಂದನೇ ತಾರೀಕು.

ಮೊಮ್ಮಗಳ ಮದುವೆ ಮಾತು ಇವತ್ತು ಮುಗಿಸಿಯೇ ಬಿಟ್ಟರು. ಹುಡುಗ ಒಳ್ಳೆಯವನೇ, ಬೈಯೋಣ ಅಂದರೆ ಒಂದು ಕುಂದೂ ಸಿಗಲಿಲ್ಲ.

ಹುಡುಗನ ಕಡೆಯವರು ಹೋದಮೇಲೆ ಮೊಮ್ಮಗಳು ಪಾತ್ರೆ ತೊಳೆಯುತ್ತಾ ಮೆಲ್ಲಗೆ ಅಂದಳು, "ಅಜ್ಜಿ, ನಾನು ಇಷ್ಟಪಟ್ಟಿರೋದು ಒಬ್ಬ ಹುಡುಗೀನ. ಅಪ್ಪನಿಗೆ ಹೇಳ್ಬೇಡ. ನಿನ್ನದೇ ನಿಯಮ."

ನನ್ನದೇ. ನನ್ನ ತಮ್ಮ ಒಬ್ಬ ಗಂಡಸನ್ನು ಪ್ರೀತಿಸಿದ್ದನ್ನು ನಾನೇ ಬಾಯಿತಪ್ಪಿ ನಮ್ಮಪ್ಪನೆದುರು ಆಡಿದ್ದೆ. ಮನೆ ಬಿಟ್ಟವನು ಮತ್ತೆ ಬರಲಿಲ್ಲ. ಅಲ್ಲಿಂದ ಮೂವತ್ತೈದು ವರ್ಷ ಅಂಥವರ ಪರವಾಗಿ ಕಚೇರಿಗಳ ಮುಂದೆ ಗಂಟಲು ಹರಿದುಕೊಂಡೆ. ಅವರಿಗಾಗಿ ಕಟ್ಟಿದ ಸಂಘಕ್ಕೆ ಬಂದವರಿಗೆಲ್ಲ ಮೊದಲು ಹೇಳಿದ್ದು, ಒಬ್ಬರ ಗುಟ್ಟು ಅವರ ಬಾಯಿಂದಲೇ ಬರಬೇಕು ಅಂತ.

"ಹಾಗಾದ್ರೆ ನೀನೇ ಹೇಳೇ" ಅಂದೆ.

"ಅಜ್ಜಿಯೇ ಕೆಡಿಸಿದ್ಲು ಅಂತ ಅಪ್ಪ ನಿನ್ನನ್ನ ಹೊರಗೆ ಹಾಕ್ತಾನೆ."

ಅಂದರೆ ನನ್ನನ್ನು ಉಳಿಸೋದಕ್ಕೆ ಇವಳು ಮದುವೆ ಆಗ್ತಾಳಂತೆ!

ಊಟಕ್ಕೆ ಕೂತಾಗ ಮಗ, "ಅಮ್ಮ, ಭಾನುವಾರ ಉಂಗುರ ಹಾಕುವಾಗ ನೀನೂ ಎರಡು ಮಾತಾಡು. ಊರಿಗೆಲ್ಲ ಮೈಕ್ ಹಿಡಿದವಳು ನೀನು" ಅಂದ. ಗಂಟಲು ಕಟ್ಟಿದೆ ಅಂದೆ. "ಜೀವಮಾನದಲ್ಲಿ ಮೊದಲ ಸಲ!" ಅಂತ ಸೊಸೆ ನಕ್ಕಳು. ಮೊಮ್ಮಗಳೂ ನಕ್ಕಳು, ತಟ್ಟೆ ನೋಡುತ್ತಾ.

ಹೇಳಿದರೆ ತಮ್ಮನಿಗೆ ಮಾಡಿದ್ದನ್ನೇ ಇವಳಿಗೂ ಮಾಡಿದಂತೆ. ಸುಮ್ಮನಿದ್ದರೆ ನಾನೇ ಇವಳನ್ನು ದೂಡಿದಂತೆ.

ಈಗ ಪಕ್ಕದಲ್ಲೇ ಮಲಗಿದ್ದಾಳೆ, ನಿದ್ದೆ ಬಂದವಳ ಹಾಗೆ ನಟನೆ ಮಾಡುತ್ತಾ. "ಬೆಳಗ್ಗೆ ಅಪ್ಪನೆದುರು ಬಾಯಿ ತೆಗಿ. ನನ್ನ ಪೆಟ್ಟಿಗೆ ಕಟ್ಟಿಟ್ಟಿರ್ತೀನಿ" ಅಂದೆ. ನನ್ನ ಎಡಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾಳೆ ಅಂದರೆ, ಎದ್ದು ದೀಪ ಆರಿಸೋದಕ್ಕೂ ಬಿಡ್ತಿಲ್ಲ.