ಕತ್ತರಿ ಎತ್ತಿಡು, ನೀಲಮ್ಮಜ್ಜಿ

ಫೆಬ್ರವರಿ 30, 2197
ತೇಲೂರು, ಅರಬ್ಬೀ ಸಮುದ್ರ

ಇಳಕಲ್ಲಿನ ನೇಕಾರ ಓಣಿಯ ನೀಲಮ್ಮಜ್ಜಿಗೆ, ನಿನ್ನ ಮರಿಮಕ್ಕಳ ಮರಿಮಗಳು ಸುವರ್ಣಾ ಮಾಡುವ ಶರಣು.

ತಾರೀಖು ನೋಡಿ ಹೌಹಾರಬೇಡ. ಕ್ಯಾಲೆಂಡರ್ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ಅಜ್ಜಿ ಎಂದು ಕರೆದದ್ದಕ್ಕೂ ಸಿಟ್ಟಾಗಬೇಡ. ಈ ಕಾಗದ ಕೈಸೇರುವಾಗ ನಿನಗೆ ಮೂವತ್ತರ ಆಸುಪಾಸು, ನನಗೆ ಐವತ್ತು ದಾಟಿದೆ. ಆದರೂ ನೀನೇ ಅಜ್ಜಿ, ಏನು ಮಾಡಲಿಕ್ಕಾಗುತ್ತದೆ! ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಇದು ಹಿಂದೋಲೆ, ಅಂದರೆ ಕಾಲದ ಹಿಂದಕ್ಕೆ ಹೋಗುವ ಕಾಗದ. ನಮ್ಮಲ್ಲಿ ಒಬ್ಬರಿಗೆ ಜನ್ಮಕ್ಕೊಂದೇ ಹಿಂದೋಲೆ. ನನ್ನ ವಾರಿಗೆಯವರೆಲ್ಲ ತೀರಿಹೋದ ತಾಯಿಗೋ ಗಂಡನಿಗೋ ಬರೆದು ಮುಗಿಸಿದ್ದಾರೆ. ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಇವತ್ತು ತಡೆಯಲಾಗಲಿಲ್ಲ. ಖುಷಿ ಹಾಗಿದೆ!

ನನ್ನ ಅಕ್ಕ ಬನಶಂಕರಿ, ಊರಿಗೆಲ್ಲ ಬನಕ್ಕ, ರಿದಮಿಕ್ ಜಿಮ್ನಾಸ್ಟಿಕ್ಸ್ ಕೋಚ್. ಹುಡುಗಿಯರು ಚೆಂಡು, ರಿಂಗು, ಉದ್ದನೆಯ ರಿಬ್ಬನ್ ಹಿಡಿದು ಹಾಡಿನ ಲಯಕ್ಕೆ ಕುಣಿಯುತ್ತ, ಎಸೆಯುತ್ತ, ಹಿಡಿಯುತ್ತ ಆಡುವ ಆಟವದು. ನಿಮ್ಮ ಟೀವಿಯಲ್ಲಿ ಒಲಿಂಪಿಕ್ಸ್ ಬಂದಾಗ ನೀನೂ ಕಂಡಿರಬಹುದು. ಅಕ್ಕನ ಹುಡುಗಿಯರಿಗೆ ಹಾಡು ನುಡಿಸುವವಳು ನಾನು. ಅಕ್ಕನಿಗೆ ಮಾತು ಕಡಿಮೆ. ಅವಳ ಪಾಲಿನದನ್ನೂ ನಾನೇ ಆಡುತ್ತೇನೆ.

ನಿನ್ನ ಊರು ಗುರುತು ಸಿಗದಷ್ಟೇನೂ ಬದಲಾಗಿಲ್ಲ. ಬೀದಿಗಳ ಮೇಲೆಲ್ಲ ಈಗ ನೆರಳುಹಾಸು ಇದೆ. ಬಿಸಿಲನ್ನು ಕುಡಿದು ಊರಿಗೆ ಕರೆಂಟು ಕೊಡುವ ತೆಳುವಾದ ಚಪ್ಪರ. ಅದರ ಕೆಳಗೆ ಮಂದಿ ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ರೊಟ್ಟಿ ಬಡಿಯುವ ಸಪ್ಪಳ ಹಾಗೇ ಇದೆ. ನಮ್ಮ ಮನೆಯಲ್ಲಿ ಕುಣಿಮಗ್ಗವೂ ಹಾಗೇ ಇದೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದೇ. ಎಳೆ ಹರಿದರೆ, ಗಂಟು ಬಿದ್ದರೆ ಮಗ್ಗ ನಿಲ್ಲಿಸಬೇಕು, ಕೂತು ಸರಿಮಾಡಬೇಕು, ಆಮೇಲೆ ಮುಂದೆ ಹೋಗಬೇಕು. ನಾವಿಬ್ಬರೂ ನಡೆಯಲು ಕಲಿಯುವ ಮೊದಲೇ ಇದನ್ನು ಕಲಿತವರು.

ಈ ರೂಢಿಯಿಂದಲೇ ಅಕ್ಕ ಹದಿನೈದರ ವಯಸ್ಸಿನಲ್ಲಿ ದೇಶದ ಮುಂದೆ ನಗೆಪಾಟಲಾದಳು. ದೊಡ್ಡ ಸ್ಪರ್ಧೆ, ತುಂಬಿದ ಸಭಾಂಗಣ. ಕುಣಿಯುತ್ತಿದ್ದಂತೆ ರಿಬ್ಬನ್ ಗಂಟಾಯಿತು. ಬೇರೆ ಯಾರಾದರೂ ಆಗಿದ್ದರೆ ಗಂಟು ಇಟ್ಟುಕೊಂಡೇ ನಗುನಗುತ್ತ ಮುಗಿಸುತ್ತಿದ್ದರು. ನಮ್ಮಕ್ಕ ನಿಂತಳು. ಕುಣಿಯಲು ಹಾಸಿದ್ದ ಜಮಖಾನದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಹಾಡು ಅದರ ಪಾಡಿಗೆ ಓಡುತ್ತಿದೆ, ಇವಳು ತಲೆ ಬಗ್ಗಿಸಿ ಗಂಟು ಬಿಡಿಸುತ್ತಿದ್ದಾಳೆ! ಜನ ಬಿದ್ದುಬಿದ್ದು ನಕ್ಕರು. ಆಗಿನ ಕೋಚ್ ಹೊರಗೆ ಕರೆದು ಬೈದರು: "ಇದನ್ನೇನ್ ಮಗ್ಗ ಅಂತ ತಿಳ್ಕೊಂಡೀಯೇನು?" ಅಕ್ಕ ಅಳುತ್ತಲೇ ಹೇಳಿದ್ದು ಇಷ್ಟು: "ಗಂಟು ಹಂಗ ಬಿಟ್ಟು ಮುಂದ ಹ್ಯಾಂಗ್ ಹೋಗ್ಲಿರಿ?"

ಆಟ ಅಲ್ಲಿಗೇ ನಿಂತಿತು, ಕಲಿಸುವ ಹುಚ್ಚು ಹಿಡಿಯಿತು. ಊರ ಹೊರಗೆ ಪಾಳುಬಿದ್ದ ಗ್ರಾನೈಟ್ ಶೆಡ್ಡೊಂದಿತ್ತು. ಕಲ್ಲು ಎತ್ತುವ ಕ್ರೇನಿಗಾಗಿ ಕಟ್ಟಿದ್ದರಿಂದ ಚಾವಣಿ ಎತ್ತರ, ಚೆಂಡು ಎಷ್ಟು ಮೇಲೆ ಎಸೆದರೂ ತಾಗುವುದಿಲ್ಲ. ಅಲ್ಲೇ ಶುರು. ಮೊದಲು ಯಾರೂ ಮಕ್ಕಳನ್ನು ಕಳಿಸಲಿಲ್ಲ. ಸೊಂಟ ಮುರಿದರೆ ಮದುವೆ ಹೇಗೆ ಎಂದು ತಾಯಂದಿರ ಚಿಂತೆ. ಆ ಚಿಂತೆ ಮಾತ್ರ ನಿನ್ನ ಕಾಲದಿಂದ ಕೂದಲೆಳೆಯಷ್ಟೂ ಬದಲಾಗಿಲ್ಲ ನೋಡು. ಬಂದ ನಾಲ್ಕಾರು ಹುಡುಗಿಯರ ಕೈಗೆ ಅಕ್ಕ ರಿಬ್ಬನ್ ಕೊಡಲೇ ಇಲ್ಲ, ಸಿಕ್ಕುಬಿದ್ದ ನೂಲಿನ ಲಡಿ ಕೊಟ್ಟಳು. ತುದಿಗಾಲಲ್ಲಿ ನಡೆಯುತ್ತ ಬಿಡಿಸಬೇಕು, ತಿರುಗುತ್ತ ಬಿಡಿಸಬೇಕು, ಕಣ್ಣು ಮೇಲಿರಬೇಕು, ಬೆರಳು ಮಾತ್ರ ಕೆಲಸ ಮಾಡಬೇಕು. ತಾನು ಕೂತು ಮಾಡಿದ್ದನ್ನು ಅವರು ಕುಣಿಯುತ್ತ ಮಾಡಬೇಕೆಂಬುದು ಅವಳ ಹಟ. ಅದಕ್ಕೆ ನಾವಿಟ್ಟ ಹೆಸರು ಗಂಟುನಡೆ. ನೋಡನೋಡುತ್ತ ಆ ಶೆಡ್ಡಿನ ಹುಡುಗಿಯರು ರಾಜ್ಯ ಗೆದ್ದರು, ದೇಶ ಗೆದ್ದರು, ಏಷ್ಯಾದ ಪದಕ ತಂದರು. ಬೈದಿದ್ದ ಕೋಚೇ ಮೊಮ್ಮಗಳನ್ನು ಕರೆದುಕೊಂಡು ಬಂದು ಸೇರಿಸಿದರು. ಅಕ್ಕ ಅವರಿಗೆ ಚಹಾ ಕೊಟ್ಟಳು, ಹಳೆಯ ಮಾತು ಎತ್ತಲಿಲ್ಲ. ನಾನಾಗಿದ್ದರೆ ಎತ್ತುತ್ತಿದ್ದೆ!

ಅಷ್ಟರಲ್ಲಿ ಜಾಣಪಟ್ಟಿ ಬಂತು. ತಾನೇ ಯೋಚಿಸುವ ರಿಬ್ಬನ್ ಅದು. ಎಂದೂ ಸಿಕ್ಕಾಗುವುದಿಲ್ಲ, ಗಂಟು ಬೀಳುವ ಮೊದಲೇ ಜಾರಿಕೊಳ್ಳುತ್ತದೆ. ಎಲ್ಲ ದೇಶದವರೂ ಅದಕ್ಕೇ ಜೋತುಬಿದ್ದರು. ಈ ವರ್ಷದ ವಿಶ್ವಸ್ಪರ್ಧೆಯ ನಂತರ ಬಟ್ಟೆಯ ರಿಬ್ಬನ್ ಬಂದ್ ಎಂದು ಆಟದ ಮಂಡಳಿ ಸಾರಿತು. ಅಕ್ಕನ ಇಬ್ಬರು ಒಳ್ಳೆಯ ಹುಡುಗಿಯರು ಬೇರೆ ಕೋಚ್ ಹತ್ತಿರ ಹೋದರು. ಉಳಿದವರ ಮನೆಯವರು ನೀವೂ ಬದಲಾಗಿ ಎಂದು ಗೋಗರೆದರು. "ಬಟ್ಟೆ ಹೋದ್ರ ಶೆಡ್ಡಿಗೆ ಬೀಗಾ ಹಾಕ್ತೀನಿ," ಅಂದಳು ಅಕ್ಕ. ಅವಳು ಅಂದರೆ ಅಂದ ಹಾಗೇ. ಹಣ್ಣು ಮಾರುವವರ ಮನೆಯ ಮುಬೀನಾ ಬಾಗವಾನ ಒಬ್ಬಳೇ ನಮ್ಮ ಬಟ್ಟೆಯ ರಿಬ್ಬನ್ ಹಿಡಿದು, ಸಮುದ್ರದ ಮೇಲೆ ಕಟ್ಟಿದ ಈ ತೇಲೂರಿಗೆ ಬಂದಳು.

ಇವತ್ತು ಏನಾಯಿತು ಕೇಳು. ಮುಬೀನಾ ಅರ್ಧ ಮುಗಿಸಿದ್ದಳು, ಆಹಾ, ಏನು ಕುಣಿತ! ಅಷ್ಟರಲ್ಲಿ ಗಂಟು ಬಿತ್ತು. ಅಕ್ಕ ನನ್ನ ರಟ್ಟೆ ಹಿಡಿದಳು, ಇನ್ನೂ ಉರಿಯುತ್ತಿದೆ. ಮುಬೀನಾ ನಿಲ್ಲಲಿಲ್ಲ. ಒಂದು ಕಾಲು ಬೆನ್ನ ಹಿಂದೆ ತಲೆಯವರೆಗೆ ಎತ್ತಿ, ರಿಬ್ಬನ್ನಿನ ತುದಿಯನ್ನು ಆ ಪಾದಕ್ಕೆ ಸಿಕ್ಕಿಸಿ, ಗಿರ್ರನೆ ತಿರುಗಿದಳು. ಮುಖ ಮೇಲೆ, ಕಣ್ಣಲ್ಲಿ ನಗು, ಎರಡು ಬೆರಳು ಮಾತ್ರ ಗಂಟಿನೊಳಗೆ. ತಿರುಗು ಮುಗಿಯುವಷ್ಟರಲ್ಲಿ ಗಂಟೇ ಇಲ್ಲ! ರಿಬ್ಬನ್ ಚಾವಣಿಯವರೆಗೆ ಹಾರಿತು. ಜನ ಎದ್ದು ನಿಂತರು. ನಾನಂತೂ ಚೀರಿ ಚೀರಿ ಗಂಟಲು ಕಟ್ಟಿಸಿಕೊಂಡೆ.

ಬಂಗಾರ ನಮಗೆ ಸಿಗಲಿಲ್ಲ. ತಪ್ಪು ಎಣಿಸುವ ಯಂತ್ರಗಣ್ಣು ಗಂಟು ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಿತು, ಬಿಡಿಸಿದ್ದು ಅದಕ್ಕೆ ಅರ್ಥವಾಗಲಿಲ್ಲ. ಬೆಳ್ಳಿ ಬಂತು. ಆದರೆ ಬಂಗಾರ ಗೆದ್ದ ಪರದೇಶದ ಹುಡುಗಿ ಪದಕ ಕೊರಳಲ್ಲಿದ್ದಂತೆಯೇ ಓಡಿಬಂದು, ತನ್ನ ಜಾಣಪಟ್ಟಿಯನ್ನು ಪಕ್ಕಕ್ಕೆ ಇಟ್ಟು, ಅಕ್ಕನ ಮುಂದೆ ಕೈ ಚಾಚಿದಳು. ತನಗೂ ಕಲಿಸಬೇಕಂತೆ! ಅವಳ ಹಿಂದೆ ಮತ್ತೊಬ್ಬಳು, ಮಗದೊಬ್ಬಳು. ನೋಡುತ್ತಿದ್ದ ಮಂಡಳಿಯವರು ಗುಸುಗುಸು ಮಾತಾಡಿಕೊಂಡು, ಬಟ್ಟೆಯ ರಿಬ್ಬನ್ ಇರಲಿ ಎಂದು ಅಲ್ಲೇ ಘೋಷಿಸಿದರು. ಶೆಡ್ಡು ಉಳಿಯಿತು, ಅಜ್ಜಿ!

ಆಗ ನಮ್ಮಕ್ಕ, ಐವತ್ತೈದರ ಹೆಂಗಸು, ಜಮಖಾನದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು, ಹದಿನೈದರಲ್ಲಿ ಕೂತ ಹಾಗೇ. "ಕುಂಡ್ರಿ, ಮೊದ್ಲ ಕುಂತು ಕಲೀರಿ," ಅಂದಳು. ಭಾಷೆ ಬಾರದ ಹುಡುಗಿಯರೆಲ್ಲ ಸುತ್ತ ಕೂತರು. ಯಾರೂ ನಗಲಿಲ್ಲ. ನಾನು ಅತ್ತುಬಿಟ್ಟೆ.

ಇನ್ನು ನನ್ನ ಬೇಡಿಕೆ. ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತೊಂದಿದೆ. ನಿನ್ನ ಮಗಳು ಕಸ್ತೂರಿ ಚಿಕ್ಕವಳಿದ್ದಾಗ, ಹಬ್ಬದ ಸೀರೆಗೆಂದು ಇಟ್ಟ ರೇಷ್ಮೆಯ ಲಡಿಯನ್ನೆಲ್ಲ ಆಟಕ್ಕೆ ಸಿಕ್ಕುಮಾಡಿ ಕೂತಿದ್ದಳಂತೆ. ನೀನು ಕತ್ತರಿ ಎತ್ತಿಕೊಂಡವಳು, ಏನು ಅನ್ನಿಸಿತೋ, ಅದನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆಯಂತೆ. "ಹರೀಬ್ಯಾಡ, ಬಿಡಸು," ಅಂದೆಯಂತೆ. ನೀನು ಹಾಗೇ ಮಾಡಿದ್ದೀಯ, ಗೊತ್ತು. ಮಾಡಿದ್ದಕ್ಕೇ ಗಂಟು ಬಿಡಿಸುವ ರೂಢಿ ನಮ್ಮವರೆಗೂ ಬಂತು, ನಾನಿಲ್ಲಿ ಕೂತು ಬರೆಯುತ್ತಿದ್ದೇನೆ. ಆದರೂ ಹಿಂದೋಲೆ ಯಾವ ದಿನ ಮುಟ್ಟುತ್ತದೋ ಯಾರಿಗೂ ಗೊತ್ತಿಲ್ಲ, ನನಗೆ ಪುಕುಪುಕು. ಹಬ್ಬ ಹತ್ತಿರವಿದೆ, ಕೆಲಸ ತಲೆಮೇಲಿದೆ, ಹುಡುಗಿ ಮೊಂಡು, ಎಲ್ಲ ಒಪ್ಪಿದೆ. ಇದನ್ನು ಓದುವಾಗ ನಿನ್ನ ಕೈಯಲ್ಲಿ ಕತ್ತರಿ ಇದ್ದರೆ ಕೆಳಗಿಡು, ತಾಯಿ. ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೋ.

ನಿನ್ನ,
ಸುವರ್ಣಾ