ಸ್ಟ್ಯಾನನ ಹೆಬ್ಬೆರಳು ಮತ್ತು ನಿನ್ನ ಇಪ್ಪತ್ತೇಳನೇ ನಂಬರು

ಸಂಗಾತಿ ಆಮೋಸ್,

ಕುಶಲ ಪ್ರಶ್ನೆ ಆಮೇಲೆ. ಮೊದಲು ಈ ಊರು ನಿನಗೆ ಕೊಟ್ಟ ಮಾತುಗಳನ್ನು ಹೇಳಿಬಿಡುತ್ತೇನೆ. ಮರೆತವರು ನಾವಲ್ಲ ಎಂದು ನಿನಗೆ ಗೊತ್ತಾಗಲಿ.

ಚೆಂಡು ಎತ್ತಿಕೊಂಡು ಓಡುವ ನಮ್ಮ ಫುಟ್‌ಬಾಲಿನಲ್ಲಿ ನೀನು ತೊಟ್ಟ ಇಪ್ಪತ್ತೇಳನೇ ನಂಬರಿನ ಅಂಗಿಯನ್ನು ಕಾಲ್ಡರ್ ಫೆರಿ ಹೈಸ್ಕೂಲಿನಲ್ಲಿ ಇನ್ಯಾರೂ ತೊಡುವುದಿಲ್ಲ ಎಂದರು. ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ವ್ಯಾಯಾಮ ಶಾಲೆಯ ಗೋಡೆಗೆ ಏರಿಸುತ್ತೇವೆ ಎಂದರು. ಮೈದಾನದ ಉತ್ತರದ ಗೇಟಿಗೆ ನಿನ್ನ ಹೆಸರು ಎಂದರು. ನಿನ್ನ ತಾಯಿಗೆ ಬದುಕಿರುವ ತನಕ ಮೈದಾನದ ನಡುವಿನ ಐವತ್ತು ಗಜದ ಗೆರೆಯ ನೇರಕ್ಕೆ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಎಂದರು.

ಅಂಗಿ ಗೋಡೆಗೆ ಏರಿತು, ಇಳಿಯಿತು. ನಂಬರನ್ನು ಯಾರ್‍ಯಾರಿಗೋ ತೊಡಿಸಿದರು. ಗೇಟಿಗೆ ಒಂದು ಬ್ಯಾಂಕಿನ ಹೆಸರು ಬಿತ್ತು. ನಿನ್ನ ತಾಯಿ ಬೇಲಿಯ ಹೊರಗೆ ನಿಂತು, ತಂತಿಯ ಕಣ್ಣಿಗೆ ಬೆರಳು ಸಿಕ್ಕಿಸಿಕೊಂಡು ಆಟ ನೋಡಿದಳು. ನಾನೇ ಕಂಡಿದ್ದೇನೆ. ನೀನು ಮಾಡಿದ ಅಪರಾಧವಾದರೂ ಏನು? ನಮ್ಮ ಉಕ್ಕಿನ ಮಿಲ್ಲಿನಲ್ಲಿ ಮುಷ್ಕರ ನಡೆದ ಆ ಚಳಿಗಾಲ, ದೊಡ್ಡ ಊರಿನ ದೊಡ್ಡ ತಂಡದಲ್ಲಿ ಆಡುತ್ತಿದ್ದ ನೀನು ನಿನ್ನ ಬಿಡುವಿನ ದಿನ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು, ತಂಡದ ಜಾಕೆಟ್ಟು ತೊಟ್ಟು, ಮಿಲ್ಲಿನ ಗೇಟಿನಲ್ಲಿ ಡ್ರಮ್ಮಿನ ಬೆಂಕಿಯ ಮುಂದೆ ನಮ್ಮ ಜೊತೆ ನಿಂತೆ. ಪೇಪರಿನಲ್ಲಿ ಫೋಟೋ ಬಂತು. ಶಾಲೆಯ ಕ್ರೀಡಾ ಸಮಿತಿಯಲ್ಲಿ ಕೂತಿದ್ದವರೆಲ್ಲ ಮಿಲ್ಲಿನ ಅಧಿಕಾರಿಗಳು. ವಾರ ಕಳೆಯುವುದರೊಳಗೆ ಗೋಡೆ ಬೋಳಾಯಿತು. ನಿನ್ನ ಅಂಗಿ ಇಳಿಸಿದ ಅದೇ ಕೈಗಳು ಮುಂದೆ ಮಿಲ್ಲಿಗೂ ಬೀಗ ಜಡಿದು ಹೋದವು. ಆ ಗೋಡೆಯ ಮೇಲೆ ನಿನ್ನ ಚೌಕಟ್ಟಿನ ಕಲೆ ಮಾತ್ರ ಹೋಗಲಿಲ್ಲ. ಎಷ್ಟು ಬಣ್ಣ ಬಳಿದರೂ ಒಂದು ಚಳಿಗಾಲ ಕಳೆದರೆ ಮತ್ತೆ ಕಾಣುತ್ತಿತ್ತು.

ನೀನು ಅಂದಿನಿಂದ ಈ ಮೈದಾನಕ್ಕೆ ಕಾಲಿಟ್ಟಿಲ್ಲ. ತಾಯಿಯ ಮಣ್ಣಿಗೆ ಬಂದಾಗಲೂ ಚರ್ಚಿನಿಂದ ನೇರ ಹೆದ್ದಾರಿ ಹಿಡಿದೆ. ಸರಿಯಾಗಿಯೇ ಮಾಡಿದೆ. ಆದರೆ ಮೊನ್ನೆ ಮಂಗಳವಾರ ಶಾಲಾ ಮಂಡಳಿಯವರು ಇಪ್ಪತ್ತೇಳನ್ನು ಗೋಡೆಗೆ ವಾಪಸು ಏರಿಸುತ್ತೇವೆಂದು ಕೈಯೆತ್ತಿ ಒಪ್ಪಿದ್ದಾರೆ. ಅದನ್ನು ನಿನ್ನ ತಂಗಿ ಅರ್ನೆಸ್ಟೀನಳಿಗೆ ಹೇಳಿ, ಬರುವ ಶುಕ್ರವಾರದ ಆಟಕ್ಕೆ ಅಣ್ಣನನ್ನು ಕರಿ ಎಂದೆ. ಅವಳು ನಿನ್ನ ಜೊತೆ ಫೋನಿನಲ್ಲಿ ಮಾತಾಡಿ ಬಂದು ಹೇಳಿದ್ದು ಇದು: "ಅವ್ನು ಬರಲ್ಲ ಕಣೇ ವರ್ಲೀನ್. ಸಿಟ್ಟಲ್ಲ. ಮಂಡಿ ಎರಡೂ ಹೋಗಿವೆ. ನಾನು ಓಡಿದ್ದನ್ನ ಕಂಡ ಜನ, ನಾನು ಕೋಲೂರ್‍ಕೊಂಡು ಬರೋದನ್ನ ನೋಡೋದು ಬೇಡ ಅಂತಾನೆ."

ಅದಕ್ಕೇ ಈ ಪತ್ರ. ನಿನ್ನ ಮಂಡಿಗೆ ಉತ್ತರ ನನ್ನ ಹತ್ತಿರ ಇದೆ. ಅದಕ್ಕೆ ಮುಂಚೆ ನಾವು ಈ ಹೋರಾಟವನ್ನು ಹೇಗೆ ಗೆದ್ದೆವು ಎಂದು ಕೇಳು. ಮುಷ್ಕರ, ಹೋರಾಟ ಎಂದು ಇಷ್ಟು ವರ್ಷ ಕಳೆದ ನಾನು ಇಂಥ ಗೆಲುವನ್ನು ಕಂಡಿರಲಿಲ್ಲ. ನಗಬೇಡ ಎಂದರೂ ನಗುತ್ತೀಯ.

ಹೋದ ತಿಂಗಳು ನಾವು ಮಂಡಳಿಯ ಮುಂದೆ ಹೋದಾಗ ಅಧ್ಯಕ್ಷ ಬ್ರಾಡ್ಲಿ ಕರ್, ಮಿಲ್ಲಿನ ಹಳೆಯ ಸೂಪರಿಂಟೆಂಡೆಂಟ್ ಕರ್‌ನ ಮಗ, ಕನ್ನಡಕ ಒರೆಸುತ್ತ ಹೇಳಿದ: "ನೋಡಿ ಮೇಡಂ, ಗ್ಯಾಡ್ಸ್‌ಡನ್ ಅವರ ಬಗ್ಗೆ ನಿಮ್ಮ ನಿಮ್ಮಲ್ಲೇ ಒಂದು ಮಾತಿಲ್ಲ. ಆ ಕೊನೇ ಓಟ ನ್ಯಾಯವಾದ್ದೋ ಅಲ್ವೋ ಅಂತ ಇವತ್ತಿಗೂ ಕಚ್ಚಾಡ್ತೀರಿ. ಎಲ್ರೂ ಒಂದು ಮಾತಿಗೆ ಬನ್ನಿ, ಆಮೇಲೆ ನೋಡೋಣ." ಬಡವರನ್ನು ಹಿಂದಕ್ಕೆ ಕಳಿಸುವ ಈ ಜಾಣತನ ನನಗೆ ಹೊಸದಲ್ಲ. ಒಗ್ಗಟ್ಟಾಗಿ ಬಾ ಎನ್ನುತ್ತಾರೆ. ಒಗ್ಗಟ್ಟಾಗಿ ಹೋದರೆ ದೊಂಬಿ ಎನ್ನುತ್ತಾರೆ.

ಸರಿ, ಒಂದು ಮಾತಿಗೆ ಬರೋಣ ಎಂದು ಶನಿವಾರ ಬೆಳಿಗ್ಗೆ ಕ್ಲಿಯೋಫಸ್ ರಿಗ್ಬಿಯ ಕ್ಷೌರದಂಗಡಿಯಲ್ಲಿ ಸೇರಿದೆವು. ನಿನ್ನ ಬಗೆಗಿನ ಜಗಳಗಳೆಲ್ಲ ಹುಟ್ಟಿ ಬೆಳೆದದ್ದು ಅಲ್ಲೇ ತಾನೆ. ನಿನ್ನ ಫೋಟೋ ಅವನ ಕನ್ನಡಿಯ ಮೇಲೆ ಈಗಲೂ ಇದೆ. ಅದನ್ನು ಇಳಿಸು ಎಂದು ಹೇಳಲು ಯಾವ ಅಧಿಕಾರಿಗೂ ಧೈರ್ಯ ಬರಲಿಲ್ಲ, ಅವನ ಕೈಯಲ್ಲಿ ಯಾವಾಗಲೂ ಕತ್ತಿ ಇರುತ್ತದೆ.

ಕ್ಲಿಯೋಫಸ್ ಒಬ್ಬ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ ಶುರು ಮಾಡಿದ. "ಒಂದೇ ಮಾತು. ಈ ದೇಶದಲ್ಲಿ ಚೆಂಡನ್ನ ಕಂಕುಳಲ್ಲಿಟ್ಕೊಂಡು ಓಡಿದವರಲ್ಲಿ ಆಮೋಸ್ ಗ್ಯಾಡ್ಸ್‌ಡನ್‌ನ ಮೀರಿಸಿದವ್ನು ಹುಟ್ಟಿಲ್ಲ. ಮುಗೀತು. ಎಲ್ರೂ ಹೂಂ ಅನ್ನಿ."

ಡೊಲೋರೆಸ್ ಬಿಯಾಂಕೊ ಹೂಂ ಅನ್ನಲಿಲ್ಲ. ನಿನ್ನ ಮುಂದೆ ಮುಂದೆ ನುಗ್ಗಿ ಎದುರಾಳಿಗಳನ್ನು ಕೆಡವುತ್ತಿದ್ದ ನಿನ್ನ ರಾಕೊನ ಹೆಂಡತಿ ಅವಳು. ರಾಕೊ ಹೋಗಿ ಎರಡು ವರ್ಷವಾಯಿತು. "ಓಡ್ದ, ಯಾರಿಲ್ಲ ಅಂದ್ರು? ದಾರಿ ಬಿಡಿಸಿಕೊಟ್ಟಿದ್ದು ಯಾರು? ನನ್ನ ಗಂಡ ಹೊಡೆದು ಹಾಕಿದ ಆ ದಾರೀಲಿ ನಾನು ಚಪ್ಪಲಿ ಹಾಕ್ಕೊಂಡು, ಕೈಯಲ್ಲಿ ಸಾರಿನ ಪಾತ್ರೆ ಹಿಡ್ಕೊಂಡೂ ಓಡ್ತಿದ್ದೆ!"

"ಸಾರು ಚೆಲ್ತಿದ್ದೆ ಕಣಮ್ಮ," ಎಂದ ಕ್ಲಿಯೋಫಸ್. "ಅವ್ನು ಚೆಂಡು ಒಂದ್ಸಲಾನೂ ಚೆಲ್ಲಲಿಲ್ಲ."

"ಶಾಲೆ ಸೇರಿದ ವರ್ಷ ಕೆಸರಿನ ಆಟದಲ್ಲಿ ಚೆಲ್ಲಿದ್ನಲ್ಲ!" ಎಂದವನು ಯಾರೆಂದು ಹೇಳಲೇಬೇಕಿಲ್ಲ. ಸ್ಟ್ಯಾನ್ ಹ್ರುಸ್ಕಾ. ಕುರ್ಚಿಯಲ್ಲಿ ಕೂತು ಆಗಲೇ ಬಲಗಾಲಿನ ಬೂಟು ಬಿಚ್ಚುತ್ತಿದ್ದ.

ಅವನು ಬೂಟು ಬಿಚ್ಚಿದನೆಂದರೆ ಮಾತು ಆ ಕೊನೆಯ ಓಟಕ್ಕೇ. ಆಮೋಸ್, ನಿನಗೆ ಅದು ನೆನಪಿದೆಯೋ ಇಲ್ಲವೋ ನಾನು ಕಾಣೆ. ಓಡಿದವರಿಗೆ ಎಷ್ಟೋ ಸಲ ನೆನಪಿರುವುದಿಲ್ಲ, ನೋಡಿದವರಿಗೆ ಮರೆಯುವುದಿಲ್ಲ. ಎದುರಾಳಿ ಊರು ಹಾರ್ಲನ್‌ಪೋರ್ಟಿನ ಮೇಲೆ, ನವೆಂಬರಿನ ಆ ಕೊನೆಯ ಆಟ. ಹಿಮ ಕರಗಿ ನೆಲವೆಲ್ಲ ಗಂಜಿಯಾಗಿತ್ತು. ಅಂಚಿನ ಸುಣ್ಣದ ಗೆರೆ ಅಲ್ಲಲ್ಲಿ ಅಳಿಸಿಹೋಗಿತ್ತು. ನೀನು ನಮ್ಮ ಕೊನೆಯ ತುದಿಯಲ್ಲಿ ಚೆಂಡು ತಗೊಂಡು, ರಾಕೊನ ಬೆನ್ನಿಗೆ ಅಂಟಿಕೊಂಡು ಗುಂಪಿನಿಂದ ಬಿಡಿಸಿಕೊಂಡು, ಮಿಲ್ಲಿನ ಕಡೆಯ ಅಂಚು ಹಿಡಿದು ಬಂದೆ. ಗೂಡ್ಸು ಬಂತು, ಗೂಡ್ಸು ಬಂತು ಎಂದು ನಾವು ಕೂಗುತ್ತಿದ್ದೆವು; ನಿನಗೆ ನಾವಿಟ್ಟ ಹೆಸರೇ ಅದಲ್ಲವೆ, ಎದುರು ನಿಂತವನಿಗಾಗಿ ಗೂಡ್ಸು ಗಾಡಿ ಯಾವತ್ತಾದರೂ ನಿಂತಿದೆಯೆ. ಆಗಷ್ಟೇ ಶಾಲೆ ಮುಗಿಸಿ ಮಿಲ್ಲಿಗೆ ಸೇರಿದ್ದ ಸ್ಟ್ಯಾನ್, ಚೆಂಡು ಎಷ್ಟು ಗಜ ಮುಂದೆ ಹೋಯಿತೆಂದು ಅಳೆಯುವ ಸರಪಳಿಯವರಲ್ಲಿ ಒಬ್ಬನಾಗಿ, ಕಿತ್ತಳೆ ಬಣ್ಣದ ಕಂಬ ಹಿಡಿದು ಅಂಚಿನಲ್ಲಿ ನಿಂತಿದ್ದ. ನೀನು ಅವನ ಬಲಗಾಲಿನ ಹೆಬ್ಬೆರಳು ತುಳಿದು ಮುಂದೆ ಹೋದೆ. ಕೊನೆಯ ಗೆರೆ ದಾಟಿದೆ. ಗೆದ್ದೆವು.

ನೀನು ಸ್ಟ್ಯಾನನ ಹೆಬ್ಬೆರಳು ತುಳಿದದ್ದರಲ್ಲಿ ಯಾರಿಗೂ ಅನುಮಾನವಿಲ್ಲ. ಆ ಉಗುರು ಇವತ್ತಿಗೂ ನೆಟ್ಟಗೆ ಬಂದಿಲ್ಲ. ಕೇಳಿದವರಿಗೆ, ಕೇಳದವರಿಗೆ, ಮದುವೆ ಮನೆಯಲ್ಲಿ, ಚರ್ಚಿನ ಮೀನೂಟದಲ್ಲಿ, ಕಾಲುಚೀಲ ಕಳಚಿ ತೋರಿಸುತ್ತಾನೆ. ಜಗಳವಿರುವುದು ಆ ಹೆಬ್ಬೆರಳು ಎಲ್ಲಿತ್ತು ಎಂಬುದರಲ್ಲಿ. ಸರಪಳಿಯವರು ಗೆರೆಯ ಹೊರಗೇ ನಿಲ್ಲಬೇಕು. "ನಾನು ಹೊರಗಿದ್ದೆ," ಎನ್ನುತ್ತಾನೆ ಸ್ಟ್ಯಾನ್. "ಹೊರಗಿದ್ದ ನನ್ನ ಕಾಲು ತುಳಿದ ಅಂದ್ಮೇಲೆ ಅವ್ನೂ ಹೊರಗೆ ಬಂದ. ಓಟ ಅಲ್ಲೇ ಮುಗೀತು. ರೆಫರಿ ಕುರುಡ." ನಿನ್ನ ಮೇಲೆ ದ್ವೇಷವೆ? ಇಲ್ಲ ಮಾರಾಯ, ಅವನಷ್ಟು ನಿನ್ನನ್ನು ಪ್ರೀತಿಸಿದವರಿಲ್ಲ. ಆದರೆ ಸರಪಳಿಯವನ ಮರ್ಯಾದೆ ಎಂದು ಒಂದಿದೆ.

ಆ ಬೆಳಿಗ್ಗೆ ಡೊಲೋರೆಸ್ ತಂದಿದ್ದ ಮಾಂಸದ ಬನ್ನುಗಳು ಖಾಲಿಯಾದವು, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯ ನೊರೆ ಒಣಗಿತು, ಅವನೂ ಜಗಳಕ್ಕೆ ಬಿದ್ದ. ನಾನು ಮಿಲ್ಲಿನಲ್ಲಿ ಕ್ರೇನ್ ನಡೆಸಿದವಳು, ಗದ್ದಲದ ಮೇಲೆ ಕೂಗಿ ರೂಢಿ. ಕೂಗಿದೆ: "ಸಾಕು ನಿಲ್ಸಿ! ಮಂಗಳವಾರ ಯಾರೂ ಆ ಕಾಲಿನ ವಿಷಯ ಎತ್ತಬಾರ್‍ದು. ಮುಷ್ಕರದಲ್ಲಿ ನಮ್ಮ ಜೊತೆ ನಿಂತ, ನಂಬರು ವಾಪಸು ಕೊಡಿ. ಅಷ್ಟೇ ಮಾತು. ಸ್ಟ್ಯಾನ್, ನೀನು ಬೂಟಿನ ದಾರ ಬಿಗಿಯಾಗಿ ಕಟ್ಕೊಂಡು ಬಾ." ಎಲ್ಲರೂ ಒಪ್ಪಿ ಕೈಯೆತ್ತಿದರು. ಒಕ್ಕೊರಲ ನಿರ್ಣಯ. ನನಗೆ ಹೆಮ್ಮೆಯೋ ಹೆಮ್ಮೆ.

ಮಂಗಳವಾರ ಶಾಲೆಯ ಊಟದ ಕೋಣೆಯಲ್ಲಿ ಸಭೆ. ನಾನು ಎದ್ದು ನಿಂತು ಮಾತಾಡಿದೆ. ನಿನ್ನ ತಾಯಿ ಬೇಲಿಯಾಚೆ ನಿಂತದ್ದನ್ನು ಹೇಳಿದೆ. ಮಿಲ್ಲಿಗಾಗಿ ಬೆವರು ಹರಿಸಿದವರ ಮಕ್ಕಳು ನೀವು ಈ ಕುರ್ಚಿಗಳಲ್ಲಿ ಕೂತೂ, ಅವರ ಪರ ನಿಂತವನ ಗೋಡೆಯನ್ನು ಹಾಗೇ ಬೋಳಾಗಿ ಬಿಟ್ಟಿದ್ದೀರಿ, ನಾಚಿಕೆಯಾಗಬೇಕು ಎಂದೆ. ಬ್ರಾಡ್ಲಿ ಕರ್ ಕನ್ನಡಕ ಒರೆಸಿದ. "ಹಾಗಾದ್ರೆ ಈಗ ನಿಮ್ಮಲ್ಲೆಲ್ಲ ಒಂದೇ ಅಭಿಪ್ರಾಯವೋ? ಆ ಓಟದ ಬಗ್ಗೆ ಯಾರಿಗೂ ತಕರಾರಿಲ್ವೋ?" ಎಂದು ಕೇಳಿದ.

ನಾನು ಸ್ಟ್ಯಾನನ ತೊಡೆಗೆ ಜಿಗುಟಿದೆ. ಅವನು ಹಲ್ಲು ಕಚ್ಚಿದ. ಮುಖ ಕೆಂಪಾಯಿತು. ಐದೆಣಿಸುವಷ್ಟು ಹೊತ್ತು ತಡೆದ, ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಎದ್ದೇ ಬಿಟ್ಟ. "ನಂಬರು ಕೊಡಿ, ಕೊಡ್ಲೇಬೇಕು. ಆದ್ರೆ ಕಾಲು ಹೊರಗಿತ್ತು!"

ಮುಗಿಯಿತು ಎಂದುಕೊಂಡೆ. ಕ್ಲಿಯೋಫಸ್ "ಲೋ ದ್ರೋಹಿ, ಕೂತ್ಕೊಳೋ!" ಎಂದ. ಸ್ಟ್ಯಾನ್ ಮೇಜಿನ ಮೇಲೆ ಕಾಲಿಟ್ಟು ಬೂಟು ಬಿಚ್ಚಿದ. ಹಾರ್ಲನ್‌ಪೋರ್ಟಿನಿಂದ ಮದುವೆಯಾಗಿ ಬಂದ ಹೆಂಗಸೊಬ್ಬಳು ಹಿಂದಿನಿಂದ "ಹೊರಗೇ ಇತ್ತು, ಹೊರಗೇ!" ಎಂದು ಕೂಗಿದಳು, ಅವಳ ಗಂಡನೇ ಅವಳಿಗೆ ಧಿಕ್ಕಾರ ಕೂಗಿದ. ಡೊಲೋರೆಸ್ ಉಪ್ಪು ಮೆಣಸಿನ ಡಬ್ಬಿಗಳನ್ನು ಆಟಗಾರರ ಹಾಗೆ ಜೋಡಿಸಿ ರಾಕೊ ಎಲ್ಲಿ ನುಗ್ಗಿದ ಎಂದು ತೋರಿಸತೊಡಗಿದಳು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಶಾಲಾ ತೆರಿಗೆಯ ತಕರಾರಿಗೆ ಬಂದಿದ್ದವರೂ ಪಕ್ಷ ಹಿಡಿದರು. ಅಂಥ ಗಲಾಟೆಯ ನಡುವೆ ಒಂದು ಸುತ್ತಿಗೆ ಮೇಜಿಗೆ ಬಡಿಯಿತು, ಅಧ್ಯಕ್ಷರ ಸುತ್ತಿಗೆ. ಬ್ರಾಡ್ಲಿ ಕರ್ ಎದ್ದು ನಿಂತಿದ್ದ. ಅವನ ಬೆರಳು ಸ್ಟ್ಯಾನನ ಕಡೆಗಿತ್ತು.

"ಸುಳ್ಳು! ನೀನು ಗೆರೆ ಒಳಗಿದ್ದೆ ಸ್ಟ್ಯಾನ್! ನಾನು ನಮ್ಮಪ್ಪನ ಹೆಗಲ ಮೇಲೆ ಕೂತಿದ್ದೆ, ಕಣ್ಣಾರೆ ನೋಡಿದೀನಿ. ಕಂಬ ಬಿಸಾಕಿ, ಓಡು ಗೂಡ್ಸು ಓಡು ಅಂತ ಮೈದಾನದೊಳಗೆ ಕುಣೀತಿದ್ದೆ ನೀನು! ಸರಪಳಿಯವನಾಗಿ!"

ಸ್ಟ್ಯಾನ್ ಒಂದೇ ಬೂಟಿನಲ್ಲಿ ನಿಂತಿದ್ದ. "ಕುಣೀತಿದ್ದೆ, ನಿಜ," ಎಂದ ಮೆಲ್ಲಗೆ. "ಹೊರಗೇ ಕುಣೀತಿದ್ದೆ."

ನಾನು ಬಿಟ್ಟೇನೆಯೆ? "ಅಧ್ಯಕ್ಷರೇ, ನಿಮ್ಮಪ್ಪ ಕೂಗ್ತಿದ್ರೋ ಇಲ್ವೋ?" ಎಂದೆ. ಬ್ರಾಡ್ಲಿ ಕರ್ ಕೂತ. ಕನ್ನಡಕ ಒರೆಸಲಿಲ್ಲ, ಅದನ್ನು ತೆಗೆದು ಪಕ್ಕಕ್ಕಿಟ್ಟ. "ಕೂಗ್ತಿದ್ರು," ಎಂದ. "ಮನೆವರೆಗೂ ಕೂಗ್ತಾ ಬಂದ್ರು. ಆ ಅಂಗಿ ಇಳಿಸಿದ್ದೂ ಅವರೇ. ಆಮೇಲೆ ಆ ಓಟದ ಮಾತು ನಮ್ಮನೇಲಿ ಯಾರೂ ಎತ್ತಲಿಲ್ಲ." ಯಾರ ಮುಖವನ್ನೂ ನೋಡದೆ, "ಮತಕ್ಕೆ ಹಾಕ್ತೀನಿ," ಎಂದು ತನ್ನ ಕೈಯನ್ನೇ ಮೊದಲು ಎತ್ತಿದ.

ಎಲ್ಲ ಕೈಗಳೂ ಎದ್ದವು. ನಂಬರು ಗೋಡೆಗೆ, ಗೇಟಿಗೆ ನಿನ್ನ ಹೆಸರು. ಬ್ಯಾಂಕಿನ ಹಲಗೆಯನ್ನು ಕ್ಲಿಯೋಫಸ್ ತಾನೇ ಬಿಚ್ಚುತ್ತೇನೆಂದು ಹಟ ಹಿಡಿದಿದ್ದಾನೆ. ಮುಂದಿನ ಸಾಲಿನ ಕುರ್ಚಿಗೆ ನಿನ್ನ ತಾಯಿಯ ಹೆಸರು ಬರೆಸಿದ್ದೇವೆ. ಅದರಲ್ಲಿ ಅರ್ನೆಸ್ಟೀನ್ ಕೂರುತ್ತಾಳೆ.

ಒಂದು ಮಾತಿಗೆ ಬನ್ನಿ ಎಂದವರನ್ನು ನಾವು ನೂರು ಮಾತಾಡಿ ಸೋಲಿಸಿದೆವು. ಸತ್ತವರ ಬಗ್ಗೆ, ಮುಗಿದುಹೋದವರ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ ಆಮೋಸ್. ನಿನ್ನ ಬಗ್ಗೆ ಇನ್ನೂ ಬೂಟು ಬಿಚ್ಚಿ ಹೊಡೆದಾಡುತ್ತಾರೆ.

ಈಗ ನಿನ್ನ ಮಂಡಿಯ ವಿಷಯ. ಕ್ಲಿಯೋಫಸ್‌ಗೆ ಬೆನ್ನು ನೆಟ್ಟಗಾಗುವುದಿಲ್ಲ. ನನ್ನ ಸೊಂಟದಲ್ಲಿ ಈಗ ಉಕ್ಕಿದೆ, ಜೀವಮಾನವಿಡೀ ಹೊರಗೆ ಎತ್ತಿದ್ದನ್ನು ಈಗ ಒಳಗೆ ಹೊತ್ತಿದ್ದೇನೆ. ಇಲ್ಲಿ ನಿನ್ನನ್ನು ನೋಡಿ ಮರುಗಲು ಗಟ್ಟಿ ಕಾಲಿನವರು ಯಾರೂ ಉಳಿದಿಲ್ಲ. ಆದರೂ ನಿನ್ನ ಹಟ ನನಗೆ ಗೊತ್ತು. ಅರ್ನೆಸ್ಟೀನ್ ಹೇಳಿದ್ದನ್ನು ನಾನು ಕ್ಷೌರದಂಗಡಿಯಲ್ಲಿ ಹೇಳಿದಾಗ ಎಲ್ಲರೂ ತಲೆತಗ್ಗಿಸಿದರು. ಸ್ಟ್ಯಾನ್ ಮಾತ್ರ ಎದ್ದು ಮನೆಗೆ ಹೋಗಿ, ತನ್ನ ಸರಪಳಿಯ ಕಂಬ ಹಿಡಿದುಕೊಂಡು ವಾಪಸು ಬಂದ. ಅಂದಿನಿಂದ ಇಂದಿನವರೆಗೆ ಇನ್ನೊಬ್ಬರ ಕೈಗೆ ಕೊಡದ ಕಂಬ. "ಇದು ಎದೆಯೆತ್ತರ ಬರುತ್ತೆ, ಗಟ್ಟಿ," ಎಂದ. "ಶುಕ್ರವಾರ ನನ್ನ ಜಾಗದಲ್ಲಿ ಅವ್ನು ನಿಲ್ಲಲಿ. ನಾನೇ ಎಷ್ಟೋ ವರ್ಷದಿಂದ ಇದಕ್ಕೆ ಒರಗಿಕೊಂಡೇ ನಿಲ್ತಿರೋದು. ಯಾರಾದ್ರೂ ಕೇಳಿದಾರಾ? ಸರಪಳಿಯವನ ಕೈಲಿ ಕಂಬ ಇದ್ರೆ ಕೋಲು ಅಂತ ಯಾರಂತಾರೆ?" ಬಾಗಿಲು ದಾಟುವಾಗ ತಿರುಗಿ ಇನ್ನೊಂದು ಮಾತು ಸೇರಿಸಿದ: "ಗೆರೆಯಿಂದ ಹೊರಗೆ ನಿಲ್ಲೋಕೆ ಹೇಳು. ನಾನು ಪಕ್ಕದಲ್ಲೇ ಇರ್ತೀನಿ, ಆದ್ರೆ ಆ ಕಾಲಿನ ಮೇಲೆ ಇನ್ನೊಂದ್ಸಲ ಬೇಡ."

ನಮಗೆ ಓಡುವವನು ಬೇಡ. ಅವನನ್ನು ನಾವು ಒಬ್ಬೊಬ್ಬರು ಒಂದೊಂದು ಥರ ಜೋಪಾನವಾಗಿಟ್ಟಿದ್ದೇವೆ. ಬೆಂಕಿಯ ಮುಂದೆ ನಮ್ಮ ಜೊತೆ ನಿಂತವನು ಬೇಕು. ಅಂದು ನಿಂತ ಹಾಗೆ ಇನ್ನೊಮ್ಮೆ ನಿಲ್ಲು, ಅಷ್ಟು ಸಾಕು.

ನಿನ್ನ ಮಂಡಿಗಳಿಗೆ ದೇವರು ಕೊಂಚ ಎಣ್ಣೆ ಹಾಕಲಿ, ನಿನ್ನ ಹಟಕ್ಕೆ ಕೊಂಚ ನೀರು ಹಾಕಲಿ. ಹೋರಾಟದ ಮುಗುಳ್ನಗೆಯೊಂದಿಗೆ,

ನಿನ್ನ ತರಗತಿಯ ಹಿಂದಿನ ಬೆಂಚಿನ
ವರ್ಲೀನ್ ಸ್ಟೋಕ್ಸ್

ಶುಕ್ರವಾರ, ಸಂಜೆ ಆರೂವರೆಗೆ, ಉತ್ತರದ ಗೇಟು. ಕಂಬ ಹಿಡಿದು ಸ್ಟ್ಯಾನ್ ಅಲ್ಲೇ ಕಾಯುತ್ತಿರುತ್ತಾನೆ.