ಮೇಲೆ ಬಂದ ಮೀನು ಸ್ವಾಗತಿಸಲು ಬಂದಿರಲಿಲ್ಲ

ಕೆರೆಮೀನಿನ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕಮಲಾಪುರದ ನನ್ನ ಗುತ್ತಿಗೆ ಕೆರೆಯ ಮೀನುಗಳು “ಅತ್ಯಂತ ಲವಲವಿಕೆಯಿಂದ ಮೇಲಕ್ಕೆ ಬಂದು ತಪಾಸಣಾ ತಂಡವನ್ನು ಸ್ವಾಗತಿಸಿದವು” ಎಂದು ತಾವು ವರದಿ ಬರೆದಿದ್ದೀರಿ. ಅವು ಸ್ವಾಗತಿಸಲಿಲ್ಲ, ಸ್ವಾಮಿ. ಅವಕ್ಕೆ ಉಸಿರು ಕಟ್ಟಿತ್ತು. ಆ ವರದಿಯ ದೆಸೆಯಿಂದ ನನ್ನದು ಈಗ ಮಾದರಿ ಕೆರೆ. ಮತ್ಸ್ಯಮೇಳದ ದಿನ ಗಣ್ಯರು ಬಂದು ನೋಡುವವರೆಗೆ ಬಲೆ ಹಾಕಕೂಡದೆಂದು ಲಿಖಿತ ಆದೇಶವಿದೆ. ಮೇಳಕ್ಕೆ ಇನ್ನೂ ಹದಿನೆಂಟು ದಿನ. ಅಲ್ಲಿಯವರೆಗೆ ಈ ಮೀನು ಬದುಕುವುದಿಲ್ಲ.

ತಮ್ಮನ್ನು ಪೂರ್ತಿ ದೂರಲು ನನಗೆ ಮುಖವಿಲ್ಲ. ಇದೇ ತಪ್ಪನ್ನು ತಮಗಿಂತ ಮೊದಲು ಮಾಡಿದವನು ನಾನು, ಅದೂ ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಆಮ್ಲಜನಕದ ಪಾಠ ಹೇಳಿ ನಿವೃತ್ತನಾದವನು. ಮೋಡ ಕವಿದ ಒಂದು ಮುಂಜಾನೆ ಕಾಟ್ಲಾ, ರೋಹು ಮೀನುಗಳೆಲ್ಲ ಮೇಲೆ ತೇಲಿ ಬಾಯಿ ತೆರೆದು ಮುಚ್ಚುತ್ತಿದ್ದವು. ಪಾಪ, ಹಸಿದಿವೆ ಎಂದು ನಾನೂ ನನ್ನ ಹೆಂಡತಿ ಕೌಸರಳೂ ಬುಟ್ಟಿಗಟ್ಟಲೆ ತೌಡು ಎರಚಿದೆವು. ಒಂದೂ ತಿನ್ನಲಿಲ್ಲ. ಮೂರು ದಿನ ಇದೇ ಉಪಚಾರ ನಡೆಯಿತು. ಕೊನೆಗೆ ಪಕ್ಕದ ಬಾಳೆತೋಟದ ದೇವೀಂದ್ರಪ್ಪ ದಂಡೆಯ ಮೇಲೆ ನಿಂತು ನೋಡಿ ಹೇಳಿದ: “ಮಾಸ್ತರ, ಅವಕ್ಕ ಹಸಿವಿ ಆಗಿಲ್ರೀ, ಉಸಿರು ಸಿಗವಲ್ದು. ನೀವು ತೌಡು ಹಾಕಿ ನೀರು ಇನ್ನಷ್ಟು ಕೆಡಸಾಕತ್ತೀರಿ.” ಅಂದೇ ತೌಡಿನ ಬುಟ್ಟಿ ಬದಿಗಿಟ್ಟೆ. ಹೊಸ ಬಡಾವಣೆಯ ಚರಂಡಿಯನ್ನು ಯಾರೋ ಕೆರೆಗೆ ತಿರುಗಿಸಿದ್ದರು; ಅದು ನೀರಿನಲ್ಲಿ ಉಳಿಸಿದ್ದ ಅಷ್ಟಿಷ್ಟು ಉಸಿರನ್ನು ನನ್ನ ತೌಡು ಕೊಳೆತು ನುಂಗಿತ್ತು. ತಿರುಗಿಸಿದವರು ಯಾರೆಂದು ಯಾವ ಕಚೇರಿಗೂ ಗೊತ್ತಿಲ್ಲವಂತೆ.

ನನ್ನ ತಪ್ಪನ್ನು ಮೂರು ದಿನಕ್ಕೆ ತಿದ್ದಿಕೊಂಡೆ. ತಮ್ಮದು ಫೋಟೊ ಸಮೇತ ಮೇಲಿನವರಿಗೆ ಹೋಗಿಬಿಟ್ಟಿದೆ. ನೀರು ಪರೀಕ್ಷಿಸಿ ಎಂದು ಬೇಡಿದರೆ, ಹನ್ನೊಂದಕ್ಕೆ ಕಚೇರಿ ತೆರೆದ ಮೇಲೆ ತುಂಬಿದ ಬಾಟಲಿಯನ್ನೇ ತನ್ನಿ ಎಂದರು ತಮ್ಮ ಕಚೇರಿಯವರು. ಬಿಸಿಲೇರಿದರೆ ಯಾವ ಕೆರೆಯಾದರೂ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಅವರೇ ಕೊಟ್ಟ ಬಾಟಲಿ ಅರ್ಧ ತುಂಬಿ, ಕಲಬುರಗಿಯವರೆಗೆ ಬಸ್ಸಿನಲ್ಲಿ ಕುಲುಕಿ ಬೇಕಾದಷ್ಟು ಗಾಳಿ ಕುಡಿದಿತ್ತು. ಫಲಿತಾಂಶ: ತೃಪ್ತಿಕರ. ನಸುಕಿನ ಐದಕ್ಕೆ ಸಾಯುವ ಮೀನು ಹನ್ನೊಂದರವರೆಗೆ ತಡೆದುಕೊಳ್ಳಬೇಕೆಂದು ಯಾವ ಸುತ್ತೋಲೆಯಲ್ಲಿದೆ? ತಮ್ಮ ಗುಮಾಸ್ತರು ಒಳ್ಳೆಯವರು, ಹತ್ತಿರ ಕರೆದು ಮೆಲ್ಲಗೆ ಹೇಳಿದರು: “ಸಾಹೇಬ್ರು ಮಾದರಿ ಅಂತ ಬರದ್ಬಿಟ್ಟಾರ್ರೀ. ಈಗ ಮೀನು ಸತ್ರ ನೀವೇ ಸಾಯಿಸೀರಿ ಅಂತ ಆಗ್ತದ.”

ಹೀಗೆ ಸಿಕ್ಕಿಬಿದ್ದಿದ್ದೇವೆ. ಹಿಡಿದರೆ ಆದೇಶದ ಉಲ್ಲಂಘನೆ, ಬಿಟ್ಟರೆ ನಿರ್ಲಕ್ಷ್ಯ. ದೇವೀಂದ್ರಪ್ಪ ತನ್ನ ಕೃಷಿಹೊಂಡ ಬಿಟ್ಟುಕೊಡುತ್ತೇನೆಂದಿದ್ದಾನೆ. ಬಲೆ ಹಾಕದೆ ಮೀನನ್ನು ಅಲ್ಲಿಗೆ ಒಯ್ಯುವುದು ಹೇಗೆ? ದಂಡೆಗೆ ಕರೆಂಟಿಲ್ಲ, ಗಾಳಿಯಂತ್ರದ ಮಾತೇ ಇಲ್ಲ. ಚರಂಡಿ ನೀರಿಗಿಳಿಯಲು ಆಳುಗಳು ಒಪ್ಪುತ್ತಿಲ್ಲ. ಹಾಗಾಗಿ ದಿನವೂ ನಸುಕಿನಲ್ಲಿ ನಾನೂ ಕೌಸರಳೂ ಇಬ್ಬರೇ ಸೊಂಟದುದ್ದ ನೀರಿನಲ್ಲಿ ನಿಂತು, ಗಾಳಿ ಬೆರೆಯಲೆಂದು ಕೊಡದಿಂದ ನೀರೆತ್ತಿ ಮೇಲಿಂದ ಸುರಿಯುತ್ತೇವೆ. ಕೌಸರಳ ಕಾಲ ತುಂಬ ಹುಣ್ಣು.

ಹನ್ನೊಂದು ದಿನದ ಹಿಂದೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮಗಳಿಗೆ ಹೆರಿಗೆಯಾಯಿತು, ಹೊಟ್ಟೆ ಕೊಯ್ದು. ಚೊಚ್ಚಲು. ತಾಯಿ ಪಕ್ಕದಲ್ಲಿರಬೇಕಾದ ಕಾಲ. ಕೌಸರ್ ಮಧ್ಯಾಹ್ನದ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಓಡಿ ಬರುತ್ತಾಳೆ. ಮಗಳು ಅತ್ತು ಕರೆದಳೆಂದು ಒಮ್ಮೆ ಅಲ್ಲೇ ಉಳಿದಳು. ಬೆಳಗಿಗೆ ನಾನೊಬ್ಬನೇ ಎಷ್ಟು ಸುರಿದರೂ ಅರವತ್ತು ಮೀನು ಸತ್ತು ತೇಲಿದವು. ಅಂದಿನಿಂದ ಮಗಳೂ ಕರೆಯುವುದನ್ನು ಬಿಟ್ಟಿದ್ದಾಳೆ. ಅದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿಲ್ಲ.

ಗುರುವಾರದೊಳಗೆ ಬಲೆ ಹಾಕಲು ಅನುಮತಿ ಕೊಡಿ, ಚರಂಡಿ ತಡೆಸಿ. ಆಗದಿದ್ದರೆ ಶುಕ್ರವಾರ ನಸುಕಿನ ಐದಕ್ಕೆ ತಾವೇ ಬನ್ನಿ. ಎರಡನೆಯ ಕೊಡ ದಂಡೆಯ ಮೇಲಿರುತ್ತದೆ. ಕೌಸರಳನ್ನು ಗುರುವಾರ ಸಂಜೆಯೇ ಮಗಳ ಹತ್ತಿರ ಕಳಿಸಿರುತ್ತೇನೆ.

ಇಂತಿ,
ತಮ್ಮ ಆದೇಶ ಪಾಲಿಸಿ ಸೊಂಟದವರೆಗೆ ಒದ್ದೆಯಾಗಿರುವ
ಜಹೀರುದ್ದೀನ್ ಮಾಸ್ತರ, ಕಮಲಾಪುರ